ಒದ್ದೆ ಬಟ್ಟಲಿನಲ್ಲಿ ಕರಗುವ ಅಹಿಂಸೆ

ಅಹಿಂಸೆಯನ್ನು ಅಂಗಡಿಯಿಂದ ಕೊಂಡು ತರಬಹುದೆಂಬ ನಂಬಿಕೆಯೊಂದು ಈಚಿನ ವರ್ಷಗಳಲ್ಲಿ ಶ್ರಾವಕರ ಮನೆಗಳನ್ನು ಸದ್ದಿಲ್ಲದೆ ಪ್ರವೇಶಿಸಿದೆ. ತಲೆ ತೊಳೆಯುವ ಶಾಂಪೂ ಬಿಲ್ಲೆ ಇದಕ್ಕೊಂದು ಉತ್ತಮ ನಿದರ್ಶನ. ಪ್ಲಾಸ್ಟಿಕ್ ಸೀಸೆಯಿಲ್ಲ, ಕಾಗದದ ಹೊದಿಕೆ. ಹೊದಿಕೆಯ ಮೇಲೊಂದು ಹಸಿರೆಲೆಯ ಚಿತ್ರ. ಪ್ರಾಣಿಗಳಿಗೆ ಹಿಂಸೆ ಮಾಡದೆ ತಯಾರಿಸಿದ್ದು ಎಂಬ ಒಕ್ಕಣೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಕ್ಕಳು ಹಬ್ಬಕ್ಕೆ ಊರಿಗೆ ಬರುವಾಗ ತಾಯಿಗೆಂದು ಇದನ್ನು ತರುತ್ತಾರೆ. ತಾಯಿ ಸಂತೋಷಪಡುತ್ತಾರೆ. ಬಳಿಕ ಆ ಬಿಲ್ಲೆ ಬಚ್ಚಲಿನ ಗೂಡಿನಲ್ಲಿ, ತಳದಲ್ಲಿ ನೀರು ನಿಂತ ಪ್ಲಾಸ್ಟಿಕ್ ಬಟ್ಟಲೊಂದರಲ್ಲಿ ಕೂರುತ್ತದೆ. ಎರಡು ತಿಂಗಳು ಬರಬೇಕಾದದ್ದು ಹದಿನೈದು ದಿನಗಳಲ್ಲಿ ಅಂಬಲಿಯಾಗುತ್ತದೆ. ಉಳಿದ ಲೋಳೆಯನ್ನು ಬೆರಳಿನಿಂದ ಬಳಿದು ಬಚ್ಚಲ ಮೋರಿಗೆ ಎಸೆದ ಮೇಲೆ ಇನ್ನೊಂದು ಬಿಲ್ಲೆಯ ಹೊದಿಕೆ ಬಿಚ್ಚಲಾಗುತ್ತದೆ.

ಇದನ್ನು ಅಹಿಂಸೆಯೆಂದು ಕರೆಯುವುದು ಹೇಗೆ? ಕೊಂಡಾಗ ತೋರಿದ ವಿವೇಕ ಇಟ್ಟಾಗ ಎಲ್ಲಿ ಹೋಯಿತು? ಜೈನಾಚಾರದಲ್ಲಿ ವಸ್ತುವನ್ನು ಕೊಳ್ಳುವುದಕ್ಕೆ ಪ್ರತ್ಯೇಕ ವ್ರತವೊಂದನ್ನು ಹೇಳಿಲ್ಲ. ಎತ್ತಿಕೊಳ್ಳುವುದಕ್ಕೂ ಇಡುವುದಕ್ಕೂ ಹೇಳಿದೆ. ಐದು ಸಮಿತಿಗಳಲ್ಲಿ ಆದಾನ ನಿಕ್ಷೇಪಣ ಸಮಿತಿಯೆಂಬುದು ಇದೇ. ಶಾಂಪೂ ಬಿಲ್ಲೆಯ ವಿಷಯದಲ್ಲಿ ಇಂದು ಮುರಿಯುತ್ತಿರುವುದು ಈ ಸಮಿತಿ. ಹೊದಿಕೆಯ ಮೇಲಿನ ಎಲೆಯ ಚಿತ್ರ ಅದನ್ನು ತುಂಬಿಕೊಡಲಾರದು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಜನರಿಗೆ ವಸ್ತುವನ್ನು ಒಣಗಿಸಿ ಇಡುವ ವಿದ್ಯೆಯನ್ನು ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಹುಳಿಯಾರಿನ ಬಳಿಯ ಕೆಂಕೆರೆಯಂಥ ಊರಿನ ಹಳೆಯ ಮನೆಯೊಂದರ ಅಟ್ಟವನ್ನು ಏರಿ ನೋಡಿದರೆ ಸಾಕು. ಬಲಿತ ತೆಂಗಿನಕಾಯಿಯನ್ನು ಮಟ್ಟೆಸಹಿತ ಅಟ್ಟಕ್ಕೆ ಹಾಕುತ್ತಾರೆ. ಅಟ್ಟದ ಹಾಸಿನಲ್ಲಿ ಸಂದು ಬಿಟ್ಟಿರುತ್ತಾರೆ. ಕೆಳಗಿನಿಂದ ಗಾಳಿ ಆಡಬೇಕು, ಹಳೆಯ ಮನೆಗಳಲ್ಲಿ ಅಡುಗೆಮನೆಯ ಬಿಸಿಯೂ ಏರಬೇಕು. ಎಂಟು ಹತ್ತು ತಿಂಗಳು, ಒಮ್ಮೊಮ್ಮೆ ವರ್ಷ, ಕಾಯಿ ಅಲ್ಲಿ ಕಾಯುತ್ತದೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಒಳಗೆ ಸದ್ದು ಮಾಡುವವರೆಗೆ ಯಾರೂ ಅದನ್ನು ಸುಲಿಯುವುದಿಲ್ಲ. ತಿಪಟೂರಿನ ಮಾರುಕಟ್ಟೆಯ ಉಂಡೆ ಕೊಬ್ಬರಿ ಹುಟ್ಟುವುದು ಹೀಗೆ. ಸೂರು ಸೋರಿ ಒಂದು ಮೂಲೆ ಒದ್ದೆಯಾದರೆ ಆ ಮೂಲೆಯ ಕಾಯಿಗೆ ಬೂಷ್ಟು ಹಿಡಿಯಿತೆಂದೇ ಅರ್ಥ. ಮಳೆಗಾಲದಲ್ಲಿ ಮನೆಯ ಯಜಮಾನ ಮೊದಲು ನೋಡುವುದು ತಾನು ಮಲಗುವ ಕೋಣೆಯ ಹೆಂಚನ್ನಲ್ಲ, ಅಟ್ಟದ ಮೇಲಿನ ಹೆಂಚನ್ನು.

ಆ ಎಚ್ಚರವೆಲ್ಲ ಅಟ್ಟದಿಂದ ಬಚ್ಚಲಿಗೆ ಇಳಿಯುವಷ್ಟರಲ್ಲಿ ಏಕೆ ಕರಗಿಹೋಗುತ್ತದೆ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಅಟ್ಟದ ಕಾಯಿಗೆ ಮಾರುಕಟ್ಟೆಯಲ್ಲಿ ಬೆಲೆಯಿದೆ, ಬಚ್ಚಲ ಗೂಡಿನ ಬಿಲ್ಲೆಗೆ ಇಲ್ಲ ಎಂಬುದೊಂದೇ ಉತ್ತರವಾದರೆ ಅದು ಲಾಭದ ಎಚ್ಚರವಾಯಿತೇ ಹೊರತು ಧರ್ಮದ ಎಚ್ಚರವಾಗಲಿಲ್ಲ.

ಸಮಿತಿಗಳು ಮುನಿಗಳಿಗೆ ಹೇಳಿದವು, ಗೃಹಸ್ಥನ ಬಚ್ಚಲಿಗೆ ಅವನ್ನು ಎಳೆತರುವುದು ಅತಿರೇಕ ಎಂದು ಆಕ್ಷೇಪಿಸುವವರಿದ್ದಾರೆ. ಈ ಆಕ್ಷೇಪ ತಲೆಕೆಳಗಾದುದು. ದಿಗಂಬರ ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲಿ ಅಸ್ನಾನವೂ ಒಂದು, ಕೇಶಲೋಚವೂ ಒಂದು. ತಲೆಗೂದಲನ್ನೇ ಕಿತ್ತೊಗೆದ ಮುನಿಗೆ ಶಾಂಪೂವಿನ ಪ್ರಶ್ನೆಯೇ ಹುಟ್ಟದು. ಕೂದಲನ್ನೂ ಸ್ನಾನವನ್ನೂ ಉಳಿಸಿಕೊಂಡವನು, ಪೂಜೆಗೆ ಮುನ್ನ ಮೀಯಲೇಬೇಕಾದವನು ಶ್ರಾವಕ. ಹಾಗಾಗಿ ಸ್ನಾನದಿಂದಾಗುವ ಹಿಂಸೆಯ ಲೆಕ್ಕವೂ ಅವನದೇ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನಿಗೇ ಅನರ್ಥದಂಡ ವ್ರತವನ್ನು ವಿಧಿಸಿ, ಅದರಲ್ಲಿ ಪ್ರಮಾದಚರ್ಯೆಯೆಂಬುದನ್ನು ಬೇರೆಯಾಗಿ ಎಣಿಸಿದ್ದಾರೆ. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಗಿಡವನ್ನು ತರಿಯುವುದು ಇವೆಲ್ಲ ಅದರೊಳಗೆ ಬರುತ್ತವೆ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಡನೆ ಪ್ರಮಾದವನ್ನು ಜೋಡಿಸಿಯೇ ಹೇಳಿದ್ದಾರೆಂಬುದನ್ನು ಪಾಠಶಾಲೆಯಲ್ಲಿ ಕಲಿತ ಬಾಲಕರೂ ಬಲ್ಲರು. ಕರಗಿಹೋದ ಬಿಲ್ಲೆಯೊಂದು ಪ್ರಮಾದದ ಪುಟ್ಟ ಶೇಷ. ಪುಟ್ಟದೆಂಬ ಕಾರಣಕ್ಕೆ ಅದನ್ನು ಲೆಕ್ಕದಿಂದ ಬಿಡಲು ಆಚಾರ್ಯರು ಅನುಮತಿ ಕೊಟ್ಟಿಲ್ಲ.

ನೀರು ನಿಂತ ಬಟ್ಟಲಿನಲ್ಲಿ ಆಗುವುದಾದರೂ ಏನು? ಸೀಸೆಯಲ್ಲಿ ಬರುವ ದ್ರವ ಶಾಂಪೂವಿನಲ್ಲಿ ಬಹುಪಾಲು ಇರುವುದು ನೀರೇ. ನೀರಿರುವಲ್ಲಿ ಸೂಕ್ಷ್ಮಜೀವಿಗಳು ಬೆಳೆಯುವುದರಿಂದ ಅವನ್ನು ಕೊಲ್ಲುವ ಅಥವಾ ತಡೆಯುವ ಸಂರಕ್ಷಕಗಳನ್ನು ಅದಕ್ಕೆ ಬೆರೆಸಲೇಬೇಕಾಗುತ್ತದೆ. ಬಿಲ್ಲೆಯಲ್ಲಿ ನೀರಿನಂಶ ಅತ್ಯಲ್ಪ. ಆದುದರಿಂದ ಅಂಥ ರಾಸಾಯನಿಕಗಳ ಅಗತ್ಯವೂ ಕಡಿಮೆ. ಜೈನದೃಷ್ಟಿಯಿಂದ ಬಿಲ್ಲೆಯ ನಿಜವಾದ ಹಿರಿಮೆ ಇದು. ಕಾಗದದ ಹೊದಿಕೆಯದು ಎರಡನೆಯ ಮಾತು. ಅದನ್ನೇ ಒಯ್ದು ನೀರಿನಲ್ಲಿ ನೆನೆಸಿಟ್ಟರೆ ತಯಾರಕನು ಹೊರಗಿಟ್ಟ ನೀರನ್ನು ಬಳಸುವವನು ಒಳಗೆ ತುಂಬಿಸಿದಂತಾಯಿತು. ಮೇಲ್ಪದರ ಮೆತ್ತಗಾಗಿ ಲೋಳೆಗಟ್ಟುತ್ತದೆ. ಕೂದಲು, ಚರ್ಮದ ಹೊಟ್ಟು, ತಲೆಯ ಎಣ್ಣೆ ಅದಕ್ಕೆ ಅಂಟುತ್ತವೆ. ಬಟ್ಟಲಿನ ತಳ ಜೀವೋತ್ಪತ್ತಿಗೆ ಹದವಾದ ನೆಲೆಯಾಗುತ್ತದೆ. ಬಿಲ್ಲೆಯ ಮೇಲಿನ ಜೀವಾಣುಗಳಿಂದ ಬಳಸುವವರಿಗೆ ರೋಗ ತಗಲುವ ಭಯ ಹೆಚ್ಚಿಲ್ಲವೆಂದು ವೈದ್ಯರು ಹೇಳುತ್ತಾರೆ, ಆ ಮಾತು ಸರಿಯೇ. ಆದರೆ ವೈದ್ಯರಿಗೆ ಕೇಳಿದ ಪ್ರಶ್ನೆ ಮೀಯುವವನ ಆರೋಗ್ಯದ್ದು. ಶ್ರಾವಕನು ತನಗೆ ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಯಲ್ಲಿ ಮೀಯುವವನೊಬ್ಬನೇ ಜೀವಿಯಲ್ಲ. ಸೋಸಿದ ನೀರಿಗೂ ಒಂದು ಮುಹೂರ್ತದ, ಅಂದರೆ 48 ನಿಮಿಷಗಳ ಗಡುವನ್ನಿತ್ತು, ಸೋಸಿದ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಹಿಂದಿರುಗಿಸುವಷ್ಟು ಸೂಕ್ಷ್ಮವಾದ ಪರಂಪರೆಯವರು ವಾರಗಟ್ಟಲೆ ನಿಂತ ಸೋಪಿನ ಬಟ್ಟಲಿನ ನೀರನ್ನು ಕಣ್ಣೆತ್ತಿ ನೋಡದಿರುವುದು ಆಶ್ಚರ್ಯವೇ ಸರಿ.

ಹಾಗಾದರೆ ಇಡುವುದು ಹೇಗೆ? ಇದಕ್ಕೆ ಪೇಟೆಯಿಂದ ಏನನ್ನೂ ತರಬೇಕಾಗಿಲ್ಲ. ತೆಂಗಿನ ಕಣ್ಣುಗಳಿರುವ ಅರ್ಧ ಕರಟದಲ್ಲಿ ಆ ಕಣ್ಣುಗಳನ್ನು ಪೂರ್ತಿಯಾಗಿ ತೂತು ಮಾಡಿ, ಒಳಗೊಂದು ಹಿಡಿ ಒಣ ನಾರನ್ನು ಹಾಸಿ, ನೀರು ಸಿಡಿಯದಷ್ಟು ಎತ್ತರದಲ್ಲಿ, ಕಿಟಕಿಯ ಬದಿಗೆ ಇರಿಸಿದರೆ ಅದಕ್ಕಿಂತ ಒಳ್ಳೆಯ ಸೋಪಿನ ಬಟ್ಟಲು ಬೇರೊಂದಿಲ್ಲ. ನಾರನ್ನು ವಾರಕ್ಕೊಮ್ಮೆ ಬಿಸಿಲಿಗೆ ಹಾಕಬೇಕು. ಹಂಡೆಯ ಆವಿ ಏರುವ ಜಾಗದಲ್ಲಿ ಇಡಬಾರದು. ನೀರು ತಗಲದಿದ್ದರೂ ಆವಿಯಿಂದಲೇ ಬಿಲ್ಲೆ ಬೆವರುತ್ತದೆ. ದೊಡ್ಡ ಬಿಲ್ಲೆಯನ್ನು ಚಾಕುವಿನಿಂದ ಎರಡು ಮೂರು ತುಂಡು ಮಾಡಿ ಒಂದನ್ನು ಮಾತ್ರ ಬಚ್ಚಲಿಗೆ ಒಯ್ದು, ಉಳಿದವನ್ನು ಕಾಗದದಲ್ಲಿ ಸುತ್ತಿ ಒಣ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವುದು ಮಿತವ್ಯಯದ ಕ್ರಮ. ಯಾತ್ರೆಗೆ ಒಯ್ಯುವವರು ಒದ್ದೆ ಬಿಲ್ಲೆಯನ್ನು ಹಾಗೆಯೇ ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯಬಾರದು. ಬಟ್ಟೆಯಿಂದ ಒತ್ತಿ, ಗಾಳಿಗಿಟ್ಟು, ಬಳಿಕ ಮುಚ್ಚಬೇಕು.

ಬಳಸುವುದರಲ್ಲಿಯೂ ಇದೇ ಪ್ರಮಾದ ಕಾಣುತ್ತದೆ. ಹರಿಯುವ ನಲ್ಲಿಯ ಕೆಳಗೆ ಬಿಲ್ಲೆಯನ್ನು ಹಿಡಿದು ಉಜ್ಜುತ್ತಾರೆ; ನೊರೆಯ ಅರ್ಧ ತಲೆಗೆ, ಅರ್ಧ ಮೋರಿಗೆ. ಕೂದಲನ್ನು ಮೊದಲು ಚೆನ್ನಾಗಿ ನೆನೆಸಿ, ಒದ್ದೆ ಅಂಗೈಯಲ್ಲಿ ಬಿಲ್ಲೆಯನ್ನು ನಾಲ್ಕಾರು ಸಲ ತಿರುಗಿಸಿ, ಬಂದ ನೊರೆಯನ್ನು ಬೆರಳತುದಿಯಿಂದ ಬುಡಕ್ಕೆ ತಿಕ್ಕಿದರೆ ಸಾಕು. ಶಾಂಪೂ ಎಂಬ ಮಾತೇ ಹಿಂದಿಯ ‘ಚಾಂಪೋ’, ಅಂದರೆ ಒತ್ತು, ತಿಕ್ಕು ಎಂಬ ಮಾತಿನಿಂದ ಇಂಗ್ಲಿಷಿಗೆ ಹೋಗಿ ನೊರೆಯ ಅರ್ಥ ಹೊತ್ತು ಮರಳಿ ಬಂದಿದೆ. ಮೂಲದಲ್ಲಿ ಕೆಲಸ ಮಾಡುತ್ತಿದ್ದುದು ಕೈಬೆರಳೇ.

ನೊರೆ ಬರುವುದಿಲ್ಲ, ಕೂದಲು ಜಿಗುಟಾಗುತ್ತದೆ ಎಂಬ ದೂರು ಬಯಲುಸೀಮೆಯ ಊರುಗಳಲ್ಲಿ ಸಾಮಾನ್ಯ. ಇದರ ಕಾರಣವನ್ನು ತಿಳಿಯದೆ ಬಿಲ್ಲೆಯನ್ನು ದೂರುವವರೂ ಉಂಟು, ಎರಡು ಪಟ್ಟು ಉಜ್ಜುವವರೂ ಉಂಟು. ಶಾಂಪೂ ಬಿಲ್ಲೆಯೆಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ವಸ್ತುಗಳು ಮಾರಾಟವಾಗುತ್ತಿವೆ. ಎಣ್ಣೆಗೆ ಕ್ಷಾರ ಸೇರಿಸಿ ಮಾಡಿದ್ದು ಒಂದು. ಅದು ಸ್ವರೂಪದಲ್ಲಿ ಸೋಪೇ. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳೊಡನೆ ಅದು ಕೂಡಿ ಕರಗದ ಗಸಿಯಾಗಿ ಕೂದಲಿಗೆ ಮೆತ್ತಿಕೊಳ್ಳುತ್ತದೆ. ಸೋಡಿಯಂ ಕೊಕೊಯ್ಲ್ ಐಸೆಥಿಯೊನೇಟ್ ಮೊದಲಾದ ತೊಳೆಯುವ ವಸ್ತುಗಳನ್ನು ಒತ್ತಿ ಮಾಡಿದ್ದು ಇನ್ನೊಂದು; ಅದಕ್ಕೆ ಗಡಸು ನೀರಿನಿಂದ ಅಷ್ಟು ಬಾಧೆಯಿಲ್ಲ. ಗಡಸು ನೀರಿನ ಊರಿಗೆ ಮೊದಲ ಜಾತಿಯ ಬಿಲ್ಲೆಯನ್ನು ಒಯ್ದರೆ ಬಿಲ್ಲೆಯೂ ವ್ಯರ್ಥ, ಗಸಿ ತೊಳೆಯಲು ಸುರಿದ ಎರಡು ಕೊಡ ನೀರೂ ವ್ಯರ್ಥ. ಕೊಳವೆಬಾವಿ ಬತ್ತಿ ತೋಟ ಒಣಗುವುದನ್ನು ಕಂಡ ಸೀಮೆಯಲ್ಲಿ ಎರಡು ಕೊಡ ನೀರು ಸಣ್ಣ ಮಾತಲ್ಲ.

ಇನ್ನು ಎಲೆಯ ಚಿತ್ರದ ವಿಚಾರ. ಆಹಾರದ ಪೊಟ್ಟಣದ ಮೇಲಿನ ಹಸಿರು ಚುಕ್ಕೆಗೆ ಕಾನೂನಿನ ಬಲವಿದೆ. ಸೋಪು, ಶಾಂಪೂಗಳು ಬೇರೆ ನಿಯಮಾವಳಿಯ ಅಧೀನದಲ್ಲಿವೆ, ಅವುಗಳ ಮೇಲೆ ಚಿತ್ರಿಸಿದ ಎಲೆ, ಬಳ್ಳಿ, ಮೊಲದ ಮರಿ ಎಲ್ಲವೂ ಆ ಚುಕ್ಕೆಗೆ ಸಮವಲ್ಲ. ಭಾರತವು 2014ರಲ್ಲಿ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಿಷೇಧಿಸಿತು; ಅದೇ ವರ್ಷ ಹಾಗೆ ಪರೀಕ್ಷಿಸಿದ ವಿದೇಶೀ ಸರಕಿನ ಆಮದನ್ನೂ ನಿಷೇಧಿಸಿತು. ಇದು ಮೆಚ್ಚತಕ್ಕ ಕಾರ್ಯ. ಆದರೆ ಪ್ರಾಣಿಯ ಮೇಲೆ ಪರೀಕ್ಷಿಸಿಲ್ಲವೆಂಬುದಕ್ಕೂ ಪ್ರಾಣಿಯಿಂದ ತೆಗೆದದ್ದು ಇದರಲ್ಲಿಲ್ಲವೆಂಬುದಕ್ಕೂ ಅಂತರವಿದೆ. ಈ ಅಂತರದಲ್ಲಿಯೇ ಶ್ರಾವಕರು ಎಡವುತ್ತಿರುವುದು.

ಹಿರಿಯರಿಗೆ 1983ರ ನೆನಪು ಇರಬೇಕು. ವನಸ್ಪತಿಯಲ್ಲಿ ದನದ ಕೊಬ್ಬು ಬೆರೆತಿದೆಯೆಂಬ ಸುದ್ದಿ ಆ ವರ್ಷ ದೇಶವನ್ನೇ ಅಲ್ಲಾಡಿಸಿ, ಕೊಬ್ಬಿನ ಆಮದಿನ ಮೇಲೆ ಸರ್ಕಾರ ನಿರ್ಬಂಧ ಹೇರಬೇಕಾಯಿತು. ಡಬ್ಬದ ಮೇಲೆ ಶುದ್ಧವೆಂದು ಬರೆದಿರುವುದು ಎಷ್ಟರ ಮಟ್ಟಿನ ಪ್ರಮಾಣವೆಂಬುದು ಆಗ ಎಲ್ಲರಿಗೂ ಅರಿವಾಯಿತು. ನಲವತ್ತು ವರ್ಷಗಳ ತರುವಾಯ ಆ ಅರಿವು ಮಾಸಿದೆ. ಸೋಪಿನ ಹೊದಿಕೆಯ ಮೇಲೆ ‘ಸೋಡಿಯಂ ಟ್ಯಾಲೋವೇಟ್’ ಎಂದು ಸಣ್ಣ ಅಕ್ಷರದಲ್ಲಿದ್ದರೆ ಅದು ಪ್ರಾಣಿಯ ಕೊಬ್ಬಿನಿಂದ ಮಾಡಿದ್ದೆಂದು ಎಷ್ಟು ಮನೆಗಳಲ್ಲಿ ತಿಳಿದಿದೆ? ಬಿಲ್ಲೆಯನ್ನು ಗಟ್ಟಿಗೊಳಿಸುವ ಸ್ಟಿಯರಿಕ್ ಆಮ್ಲವೂ, ಗ್ಲಿಸರಿನ್ನೂ ಸಸ್ಯದಿಂದಲೂ ಬರಬಹುದು, ಕೊಬ್ಬಿನಿಂದಲೂ ಬರಬಹುದು. ಹೆಸರು ಮಾತ್ರ ಒಂದೇ. ಕೂದಲಿಗೆ ಹೊಳಪು ಕೊಡುತ್ತದೆಂದು ಸೇರಿಸುವ ರೇಷ್ಮೆಯ ಪ್ರೋಟೀನು ಹುಳುವಿನ ಗೂಡಿನಿಂದ ಬಂದದ್ದು. ಕೆರಾಟಿನ್ ಬಹುಮಟ್ಟಿಗೆ ಗರಿ, ಉಣ್ಣೆ, ಕೊಂಬುಗಳಿಂದ ಬಂದದ್ದು. ಇವೆಲ್ಲಕ್ಕಿಂತ ಸೋಜಿಗವೆಂದರೆ ಜೇನು. ಮದ್ಯ, ಮಾಂಸಗಳೊಡನೆ ಮಧುವನ್ನೂ ತ್ಯಜಿಸುವುದು ಶ್ರಾವಕನ ಮೂಲಗುಣಗಳಲ್ಲಿಯೇ ಸೇರಿದೆ. ಊಟದ ಎಲೆಯ ಮೇಲೆ ಹನಿ ಜೇನನ್ನು ಮುಟ್ಟದವರು ಜೇನು ಬೆರೆಸಿದ ಬಿಲ್ಲೆಯನ್ನು ನಿಸರ್ಗದ ಕೊಡುಗೆಯೆಂದು ತಲೆಗೆ ತಿಕ್ಕಿಕೊಳ್ಳುತ್ತಾರೆ. ತಿನ್ನುವುದಿಲ್ಲವಲ್ಲ ಎಂಬ ಸಮಾಧಾನ ಜೇನುಗೂಡಿಗೆ ತಲುಪೀತೆ?

ತೆಂಗಿನ ಹೆಸರಿನ ಮೋಹವೂ ಇಷ್ಟೇ ಅವಿಚಾರದ್ದು. ‘ಕೊಕೊ’ ಎಂಬ ಎರಡಕ್ಷರ ಕಂಡೊಡನೆ ತಿಪಟೂರು ಸೀಮೆಯ ಗ್ರಾಹಕನಿಗೆ ಅದು ತನ್ನೂರಿನ ಕಾಯಿಯೆಂಬ ಭ್ರಮೆ. ಆ ಸೀಮೆಯ ಉಂಡೆ ಕೊಬ್ಬರಿ ಬಹುಪಾಲು ತಿನ್ನುವುದಕ್ಕೆಂದು ಉತ್ತರ ಭಾರತಕ್ಕೆ ಹೋಗುತ್ತದೆ. ನೊರೆಕಾರಕ ವಸ್ತುಗಳಿಗೆ ಬೇಕಾದ ಲಾರಿಕ್ ಆಮ್ಲ ಕೊಬ್ಬರಿ ಎಣ್ಣೆಯಲ್ಲಿ ಸುಮಾರು ಅರ್ಧದಷ್ಟಿರುವುದು ನಿಜ; ತಾಳೆಯ ಬೀಜದ ಎಣ್ಣೆಯಲ್ಲಿಯೂ ಅದು ಹೆಚ್ಚುಕಡಿಮೆ ಅಷ್ಟೇ ಇದೆ, ಉದ್ಯಮವು ಎರಡನ್ನೂ ಬಳಸುತ್ತದೆ. ಆಗ್ನೇಯ ಏಷ್ಯಾದಲ್ಲಿ ತಾಳೆಯ ತೋಟಗಳಿಗಾಗಿ ಕಾಡುಗಳು ಬಿದ್ದಿರುವುದನ್ನು ಬಲ್ಲವರು ಈ ವಿಷಯದಲ್ಲಿ ವಿಚಾರಿಸದೆ ಮುಂದೆ ಹೋಗಲಾರರು.

ಇಷ್ಟೆಲ್ಲ ಗೊಂದಲವೇಕೆ, ಸೀಗೆಕಾಯಿಗೆ ಮರಳಿದರಾಯಿತಲ್ಲ ಎಂದು ಹಿರಿಯರು ಹೇಳುವುದುಂಟು. ಈ ಮಾತಿಗೆ ಗೌರವ ಸಲ್ಲಬೇಕು. ಸೀಗೆಪುಡಿ, ಚಿಗರೆಪುಡಿ, ಅಂಟುವಾಳಗಳಿಂದ ತಲೆ ತೊಳೆಯುವ ಮನೆಯವರು ಶಾಂಪೂ ಬಿಲ್ಲೆಯನ್ನು ಕೊಳ್ಳಬೇಕಾದ ಅಗತ್ಯವೇ ಇಲ್ಲ. ಇಲ್ಲದ ಅಗತ್ಯವನ್ನು ಪರಿಸರಪ್ರೇಮದ ಹೆಸರಿನಲ್ಲಿ ಹುಟ್ಟಿಸಿಕೊಳ್ಳುವುದು ಭೋಗೋಪಭೋಗ ಪರಿಮಾಣಕ್ಕೆ ವಿರುದ್ಧ. ಆದರೆ ಸೀಗೆಯವರೂ ತಮ್ಮನ್ನು ನಿರ್ದೋಷಿಗಳೆಂದು ಎಣಿಸಬೇಕಾಗಿಲ್ಲ. ಅಂಟುವಾಳಕ್ಕೂ ಸೀಗೆಗೂ ನೊರೆ ಬರುವುದು ಸಪೋನಿನ್ ಎಂಬ ವಸ್ತುವಿನಿಂದ. ಅದು ಮೀನಿಗೆ ವಿಷ. ಅಂಥ ಸಸ್ಯಗಳನ್ನು ಜಜ್ಜಿ ನೀರಿಗೆ ಹಾಕಿ ಮೀನು ಹಿಡಿಯುವ ರೂಢಿ ಹಲವು ಕಡೆ ಇದ್ದದ್ದು ಇದೇ ಕಾರಣದಿಂದ. ತೋಟದ ಮಣ್ಣಿನಲ್ಲಿ ಇಂಗಿದರೆ ಬಾಧಕವಾಗದ ಸೀಗೆಯ ನೀರು ಕೊಳಕ್ಕೆ ಸೇರಿದರೆ ಬಾಧಕ. ರಾತ್ರಿ ನೆನೆಸಿಟ್ಟ ಸೀಗೆ ಮರುದಿನಕ್ಕೆ ಉಳಿದು ಹುಳಿಯಾದರೆ ಅದೂ ಲೋಳೆಗಟ್ಟಿದ ಬಟ್ಟಲಿನ ಸಾಲಿನದೇ. ಅಂದಂದಿಗೆ ಬೇಕಾದಷ್ಟನ್ನೇ ನೆನೆಸುವ ಕ್ರಮ ಹಳೆಯ ಮನೆಗಳಲ್ಲಿ ಇತ್ತು.

ಈ ಕೊಳದ ಮಾತು ಬಸದಿಗಳ ವಿಶ್ವಸ್ತ ಮಂಡಳಿಗಳನ್ನು ನೇರವಾಗಿ ಮುಟ್ಟುತ್ತದೆ. ಬೆಳ್ಗೊಳವೆಂಬ ಹೆಸರಿಗೇ ಬಿಳಿಯ ಕೊಳವೆಂಬ ಅರ್ಥ. ಅಂಥ ನಾಡಿನ ಜೈನ ಯಾತ್ರಿನಿವಾಸಗಳ ಹಿಂಭಾಗದಲ್ಲಿ ಪರ್ವದ ಮರುದಿನ ಹರಿದ ಶಾಂಪೂ ಪೊಟ್ಟಣಗಳ ರಾಶಿ ಬೀಳುವುದಾದರೆ ಅದನ್ನು ಯಾರ ಲೆಕ್ಕಕ್ಕೆ ಬರೆಯಬೇಕು? ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳ ಮೇಲೆ 2022ರ ಜುಲೈ 1ರಂದು ಜಾರಿಗೆ ಬಂದ ನಿಷೇಧದ ಪಟ್ಟಿಯಲ್ಲಿ ಈ ಪೊಟ್ಟಣಗಳು ಸೇರಿರಲಿಲ್ಲ. 2025ರ ಮಾರ್ಚಿಯಲ್ಲಿ ರಾಜ್ಯದ ಅರಣ್ಯ, ಜೀವಿಶಾಸ್ತ್ರ ಮತ್ತು ಪರಿಸರ ಸಚಿವ ಈಶ್ವರ ಖಂಡ್ರೆಯವರು ತೀರ್ಥಕ್ಷೇತ್ರಗಳಲ್ಲಿ ನದಿ, ಕೆರೆ, ಕೊಳಗಳ ದಡದಿಂದ 500 ಮೀಟರ್ ಒಳಗೆ ಸೋಪು, ಶಾಂಪೂಗಳ ಮಾರಾಟವನ್ನು ತಡೆಯುವಂತೆ ಅಧಿಕಾರಿಗಳಿಗೆ ಸೂಚಿಸಿದರು. ಸರ್ಕಾರವು ಸಕಲ ಕ್ಷೇತ್ರಗಳಿಗೂ ಹೇಳಬೇಕಾಗಿ ಬಂದ ಈ ಮಾತನ್ನು ಅಹಿಂಸೆಯನ್ನೇ ಪರಮಧರ್ಮವೆಂದು ಸಾರುವವರು ಮೊದಲೇ ಹೇಳಿಕೊಳ್ಳಬೇಕಿತ್ತು.

ಪೊಟ್ಟಣ ತೆಗೆದು ಕೋಣೆಗೊಂದು ಬಿಲ್ಲೆ ಇಟ್ಟರೆ ಮುಗಿಯಿತೆಂದು ಕೆಲವು ಉತ್ಸಾಹಿಗಳು ಭಾವಿಸಬಹುದು. ಒಬ್ಬರು ತಲೆಗೆ ತಿಕ್ಕಿ ಬಿಟ್ಟುಹೋದ ಬಿಲ್ಲೆಯನ್ನು ಮತ್ತೊಬ್ಬ ಯಾತ್ರಿಕ ಮುಟ್ಟಲಾರ. ಅದನ್ನು ಪ್ರತಿದಿನ ಎಸೆದು ಹೊಸದನ್ನು ಇಡಬೇಕಾದೀತು. ಅದಕ್ಕಿಂತ ದೊಡ್ಡ ಬಿಲ್ಲೆಯನ್ನು ಕಚೇರಿಯಲ್ಲಿಯೇ ಅಡಕೆಯ ಹೋಳಿನಷ್ಟು ಚಿಕ್ಕದಾಗಿ ಕತ್ತರಿಸಿ, ಕಾಗದದಲ್ಲಿ ಮಡಿಸಿ, ಕೇಳಿದವರಿಗೆ ಮಾತ್ರ ಕೊಡುವುದು ಮೇಲು. ಒಂದು ತಲೆಗೆ ಒಂದು ಹೋಳು ಸಾಕು, ಉಳಿಯುವುದೂ ಇಲ್ಲ, ಕೊಳೆಯುವುದೂ ಇಲ್ಲ. ಸೀಗೆಪುಡಿ ಬೇಡುವವರಿಗೂ ಹೀಗೆಯೇ ಕಾಗದದ ಪೊಟ್ಟಣ ಕಟ್ಟಬಹುದು. ಸ್ನಾನಗೃಹದ ನೀರು ಕಲ್ಯಾಣಿಯ ಕಡೆಗೆ ಹರಿಯದೆ ತೋಟದ ಪಾತಿಗೆ ಇಳಿಯುವಂತೆ ಕಾಲುವೆಯನ್ನು ತಿರುಗಿಸುವುದು ಒಬ್ಬ ಗಾರೆಯವನ ಎರಡು ದಿನದ ಕೆಲಸ.

ಇದಕ್ಕೆಲ್ಲ ಖರ್ಚಾಗುತ್ತದೆ, ಮಂಡಳಿಯ ಸಭೆಯಲ್ಲಿ ಇಂಥ ಸಣ್ಣ ವಿಷಯವನ್ನು ಎತ್ತಲು ಸಂಕೋಚವಾಗುತ್ತದೆ ಎಂಬ ಮಾತು ಬರುವುದು ಖಂಡಿತ. ಪೂಜೆಯ ಸಾಮಗ್ರಿಯನ್ನು ಕೊಳ್ಳುವಾಗ ಅಕ್ಕಿಯ ಕಾಳನ್ನು ಆರಿಸಿ ನೋಡುವ ಮಂಡಳಿಗಳು ಸೋಪು ಕೊಳ್ಳುವಾಗ ತಯಾರಕನಿಗೆ ಒಂದು ಪತ್ರ ಬರೆಯಬಹುದು. ಕೊಬ್ಬಿನ ಆಮ್ಲಗಳು ಯಾವ ಮೂಲದವು, ಜೇನು, ರೇಷ್ಮೆ, ಕೆರಾಟಿನ್‌ಗಳು ಬೆರೆತಿವೆಯೇ ಎಂಬ ಎರಡೇ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದು, ಕಚೇರಿಯ ಫಲಕದಲ್ಲಿ ತೂಗುಹಾಕಿದರೆ ಬರುವ ಯಾತ್ರಿಕರೂ ಅದನ್ನು ಓದಿಕೊಂಡು ತಮ್ಮ ಮನೆಗೆ ಕೊಳ್ಳುವಾಗ ಅದೇ ಪ್ರಶ್ನೆಗಳನ್ನು ಕೇಳುತ್ತಾರೆ. ಉತ್ತರ ಬರೆಯಲು ಒಪ್ಪದ ತಯಾರಕನ ಬಿಲ್ಲೆ ಎಷ್ಟೇ ಸುಗಂಧವುಳ್ಳದ್ದಾದರೂ ಅದನ್ನು ಹಿಂದಕ್ಕೆ ಕಳುಹಿಸುವುದೇ ಸರಿ.